ಒಂದೂವರೆ ಆಳಿನ ಶನಿವಾರ

ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ಕಾಡಿನೊಳಗೆ ಇಳಿದು ಕಾವೇರಿಯ ದಡದಲ್ಲಿ ಮುಗಿಯುವ ಮುತ್ತತ್ತಿ ರಸ್ತೆಯನ್ನು ನಂಬಿಕೊಂಡ ಸಣ್ಣ ವ್ಯಾಪಾರಗಳಿಗೆ ವಾರದ ಏಳು ದಿನಗಳಲ್ಲಿ ಲೆಕ್ಕಕ್ಕೆ ಬರುವ ದಿನ ಒಂದೇ, ಅದು ಶನಿವಾರ. ಹೊಳೆಯಲ್ಲಿ ಜಾರಿಹೋದ ಸೀತೆಯ ಮೂಗುತಿಯ ಮುತ್ತನ್ನು ಹನುಮಂತನು ಎತ್ತಿಕೊಟ್ಟನೆಂಬ ಐತಿಹ್ಯದಿಂದಲೇ ಊರಿಗೆ ಆ ಹೆಸರು ಬಂತೆಂದು ಸುತ್ತಲ ಜನ ಹೇಳುತ್ತಾರೆ. ಮುತ್ತತ್ತಿರಾಯನೆಂದು ಪೂಜೆಗೊಳ್ಳುವ ಆ ಆಂಜನೇಯನಿಗೆ ಹರಕೆ ಹೊತ್ತ ಕುಟುಂಬಗಳು ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಬಂದು, ದಡದಲ್ಲಿ ಒಲೆ ಹೂಡಿ, ಅಡುಗೆ ಮಾಡಿ ಊಟ ಹಾಕುವುದನ್ನು ಆ ಸೀಮೆಯಲ್ಲಿ ‘ಪರ’ ಎನ್ನುತ್ತಾರೆ. ಪರಕ್ಕೆ ಬೇಕಾದ ಅಕ್ಕಿ, ಬೆಲ್ಲ, ಎಲೆ, ಹಂಡೆ, ಕೊಪ್ಪರಿಗೆ, ಶಾಮಿಯಾನ ಇವೆಲ್ಲವನ್ನೂ ಅವುಗಳೊಂದಿಗೆ ಹೊರುವ, ತೊಳೆಯುವ, ಬಡಿಸುವ ಆಳುಗಳನ್ನೂ ಒದಗಿಸುವ ಒಂದು ದಿನಸಿ ಅಂಗಡಿ ಹಲಗೂರಿನ ಕಡೆ ಇತ್ತು, ಈಗಲೂ ಇದೆ. ಆ ಅಂಗಡಿಯು 2005ರಿಂದ ಈಚಿನ ಇಪ್ಪತ್ತು ವರ್ಷಗಳಲ್ಲಿ ಲೆಕ್ಕಕ್ಕೂ ಸಂಬಳಕ್ಕೂ ಕಂಪ್ಯೂಟರ್ ತಂತ್ರಾಂಶವನ್ನು ಆರಿಸಿಕೊಂಡ ಬಗೆಯನ್ನು, ಆ ಆಯ್ಕೆಯಲ್ಲಿ ಆದ ತಪ್ಪನ್ನು, ಅಲ್ಲಿ ಲೆಕ್ಕ ಬರೆಯುತ್ತಿದ್ದವನ ನೆನಪಿನಿಂದ ದಾಖಲಿಸುವುದು ಈ ಬರಹದ ಉದ್ದೇಶ. ಆ ಲೆಕ್ಕ ಬರೆಯುವವನೇ ಇದರ ಲೇಖಕನಾದ್ದರಿಂದ ತಪ್ಪಿನ ಬಹುಪಾಲು ಅವನದೇ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಲೆಕ್ಕದ ತಂತ್ರಾಂಶ, ಸಂಬಳದ ತಂತ್ರಾಂಶ ಎಂಬ ಎರಡನ್ನೂ ಮಾರುವವರು ಒಂದೇ ಉಸಿರಿನಲ್ಲಿ ಹೇಳುತ್ತಾರಾದರೂ ಅವು ಹುಟ್ಟಿದ ಪುಸ್ತಕಗಳೇ ಬೇರೆ. ಹಳೆಯ ಅಂಗಡಿಗಳಲ್ಲಿ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆದಿಡುವ ಪುಸ್ತಕ ಕಿರ್ದಿ. ಕಿರ್ದಿಯಿಂದ ಒಬ್ಬೊಬ್ಬರ ಹೆಸರಿನ ಪುಟಕ್ಕೆ ಎತ್ತಿ ಬರೆದರೆ ಅದು ಖಾತೆ. ದಿನದ ಕೊನೆಗೆ ಗಲ್ಲದಲ್ಲಿ ಉಳಿದದ್ದು ಶಿಲ್ಕು. ಲೆಕ್ಕದ ತಂತ್ರಾಂಶವು ಈ ಮೂರನ್ನೂ ಒಂದೇ ಬರವಣಿಗೆಯಲ್ಲಿ ಮುಗಿಸಿಕೊಡುತ್ತದೆ, ಅಂದರೆ ಒಂದು ಬಿಲ್ಲನ್ನು ಒಮ್ಮೆ ಬರೆದರೆ ಅದು ತಾನಾಗಿ ಕೊಟ್ಟವನ ಖಾತೆಗೂ ಪಡೆದವನ ಖಾತೆಗೂ ದಾಸ್ತಾನಿಗೂ ಹೋಗಿ ಕೂರುತ್ತದೆ. ಸಂಬಳದ ಲೆಕ್ಕ ಶುರುವಾಗುವುದು ಕಿರ್ದಿಯಿಂದಲ್ಲ, ಹಾಜರಿ ಪುಸ್ತಕದಿಂದ: ಯಾರು ಎಷ್ಟು ದಿನ ಬಂದರು, ದಿನಕ್ಕೆ ಎಷ್ಟು, ಮುಂಗಡ ಎಷ್ಟು ಹಿಡಿಯಬೇಕು, ಕಾನೂನು ಹೇಳಿದ ಕಡಿತ ಎಷ್ಟು, ಕೈಗೆ ಎಷ್ಟು ಎಂಬುದೆಲ್ಲ ತೀರ್ಮಾನವಾಗಿ ಬಟವಾಡೆಯಾದ ಮೇಲೆ, ಆ ಒಟ್ಟು ಮೊತ್ತ ಮಾತ್ರ ಒಂದು ಸಾಲಾಗಿ ಕಿರ್ದಿಗೆ ಬರುತ್ತದೆ. ಮೊದಲನೆಯದು ಸರಕಿನ ಲೆಕ್ಕ, ಎರಡನೆಯದು ಮನುಷ್ಯರ ಲೆಕ್ಕ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯುವುದಕ್ಕೆ ಈ ಲೇಖಕನಿಗೆ ಏಳೆಂಟು ವರ್ಷ ಹಿಡಿಯಿತು.

ಅಂಗಡಿಗೆ ಕಂಪ್ಯೂಟರ್ ಬಂದದ್ದು ಯಜಮಾನರ ಆಸೆಯಿಂದಲ್ಲ, ತೆರಿಗೆಯ ಒತ್ತಾಯದಿಂದ. 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆಯ ಕಾಲದಲ್ಲಿ ಬಹುತೇಕ ಸರಕಿಗೆ ಒಂದೇ ಹಂತದಲ್ಲಿ ತೆರಿಗೆ ಬೀಳುತ್ತಿದ್ದುದರಿಂದ ಸಣ್ಣ ಊರಿನ ಅಂಗಡಿಗೆ ಕಿರ್ದಿಯೊಂದಿದ್ದರೆ ಸಾಕಾಗುತ್ತಿತ್ತು. 2003ರ ಮೌಲ್ಯವರ್ಧಿತ ತೆರಿಗೆ ಕಾಯ್ದೆಯು 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ಜಾರಿಗೆ ಬಂದ ಮೇಲೆ, ಮಾರಾಟದ ಮೇಲೆ ವಸೂಲು ಮಾಡಿದ ತೆರಿಗೆಯಿಂದ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಕಳೆದು ಉಳಿದದ್ದನ್ನು ಕಟ್ಟುವ ಪದ್ಧತಿ ಬಂತು. ಅಂದರೆ ಕೊಂಡ ಪ್ರತಿ ಬಿಲ್ಲಿಗೂ ಬೆಲೆ ಬಂತು, ಕಳೆದುಹೋದ ಬಿಲ್ಲು ಕಳೆದುಹೋದ ಹಣವಾಯಿತು. ಮಳವಳ್ಳಿಯ ಲೆಕ್ಕಪರಿಶೋಧಕರು (ಊರಿನವರ ಬಾಯಲ್ಲಿ ಅವರು ‘ಆಡಿಟರು’) ತಿಂಗಳಿಗೊಮ್ಮೆ ಬಿಲ್ಲಿನ ಕಟ್ಟನ್ನು ಬಿಚ್ಚಿ ಕೂರುವ ವ್ಯವಧಾನ ತಮಗಿಲ್ಲವೆಂದೂ ಕಂಪ್ಯೂಟರಿನಲ್ಲಿ ಬರೆದು ತಂದರೆ ಮಾತ್ರ ನೋಡುವುದಾಗಿಯೂ ಹೇಳಿದ ವಾರದಲ್ಲೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಕಂಪ್ಯೂಟರು ಅಕ್ಕಿಮೂಟೆಗಳ ನಡುವೆ ಕುಳಿತು ಹಲಗೂರಿಗೆ ಬಂತು.

ಯಾವ ತಂತ್ರಾಂಶ ಎಂಬ ಪ್ರಶ್ನೆಯೇ ಅಂದು ಹುಟ್ಟಲಿಲ್ಲ. ಮಳವಳ್ಳಿ, ಮದ್ದೂರು, ಮಂಡ್ಯ ಈ ಮೂರೂ ಊರುಗಳಲ್ಲಿ ‘ಟ್ಯಾಲಿ ಕಲಿತಿದ್ದಾನೆ’ ಎಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯಬಲ್ಲ ಎಂದೇ ಅರ್ಥವಾಗಿತ್ತು. ಸರಕಿನ ಹೆಸರು ವಿದ್ಯೆಯ ಹೆಸರಾಗಿಬಿಟ್ಟಿತ್ತು. ಇದಕ್ಕೆ ಕಾರಣ ಹುಡುಕಹೊರಟರೆ ಆ ತಂತ್ರಾಂಶದ ಹುಟ್ಟಿನ ಕಥೆಗೇ ಹೋಗಬೇಕಾಗುತ್ತದೆ. ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಒಂದನ್ನು ಬರೆದುಕೊಡುವಂತೆ ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಬೆಂಗಳೂರಿನ ಆ ಉದ್ಯಮವೇ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ಆ ತಂತ್ರಾಂಶದ ಮುಖ್ಯ ಗುಣವೆಂದರೆ, ಅದಕ್ಕೂ ಹಿಂದಿನವು ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆಯನ್ನು ಕೇಳುತ್ತಿದ್ದರೆ, ಇದು ಹೆಸರನ್ನೇ ಕೇಳಿತು. ಗಿರಾಕಿಯನ್ನು ‘ಬಾಣಸಮುದ್ರದ ದಾರಿಯ ಹೋಟ್ಲು’ ಎಂದು ಗುರುತಿಸುವ ಅಂಗಡಿಯಲ್ಲಿ ಅವನಿಗೆ 4017 ಎಂಬ ಸಂಖ್ಯೆ ಕೊಡಿ ಎಂದರೆ ಯಾರೂ ಕೊಡುತ್ತಿರಲಿಲ್ಲ, ಕೊಟ್ಟರೂ ಮರುದಿನ ನೆನಪಿಡುತ್ತಿರಲಿಲ್ಲ. ತಂದೆಯಾದ ವ್ಯಾಪಾರಿ ಹೇಳಿ ಮಗನಾದ ಗಣಿತಜ್ಞ ಬರೆದದ್ದು ಎಂಬುದು ಆ ಒಂದು ಗುಣದಲ್ಲೇ ಗೊತ್ತಾಗುತ್ತದೆ. ಆದರೂ ಹಲಗೂರಿನ ಅಂಗಡಿ ಅದನ್ನು ಆರಿಸಿದ್ದಕ್ಕೆ ಈ ಯಾವುದೂ ಕಾರಣವಲ್ಲ. ಲೆಕ್ಕದವನು ರಜೆ ಹಾಕಿದರೆ ಮಳವಳ್ಳಿಯಿಂದ ಇನ್ನೊಬ್ಬ ಹುಡುಗನನ್ನು ಕರೆಸಬಹುದು ಎಂಬುದೊಂದೇ ಕಾರಣ, ಮತ್ತು ಇಂದು ಹಿಂತಿರುಗಿ ನೋಡಿದಾಗ ಅದಕ್ಕಿಂತ ಒಳ್ಳೆಯ ಕಾರಣ ಇರಲಿಲ್ಲ.

ಪುಸ್ತಕ ಹೋಗಿ ಕಂಪ್ಯೂಟರು ಬಂದಾಗ ಕಳೆದುಹೋದದ್ದೂ ಒಂದಿತ್ತು. ಹೊಲಿದು ಕಟ್ಟಿದ ಕಿರ್ದಿಯಲ್ಲಿ ತಪ್ಪಿದ ಅಂಕಿಯನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡುವುದು ರೂಢಿ, ಆದ್ದರಿಂದ ತಪ್ಪೂ ಪುಸ್ತಕದಲ್ಲೇ ಉಳಿಯುತ್ತಿತ್ತು. ಪರದೆಯ ಮೇಲೆ ತಿದ್ದಿದ ಅಂಕಿ ಹಿಂದೆ ಏನಾಗಿತ್ತೆಂದು ತೋರಿಸುವ ಗುರುತೇ ಇರಲಿಲ್ಲ. ಯಾರು, ಯಾವಾಗ, ಏನನ್ನು ತಿದ್ದಿದರೆಂದು ತಂತ್ರಾಂಶವೇ ಬರೆದಿಡುವ ಏರ್ಪಾಡಿಗೆ ‘ಎಡಿಟ್ ಲಾಗ್’ ಎನ್ನುತ್ತಾರೆ, ಮತ್ತು ಕಂಪನಿ ಕಾಯ್ದೆಯಡಿ ನೋಂದಾದ ಸಂಸ್ಥೆಗಳಿಗೆ ಅದು 2023ರ ಏಪ್ರಿಲ್ 1ರಿಂದ ಕಡ್ಡಾಯವಾಯಿತು. ಒಬ್ಬನೇ ಮಾಲೀಕನ ಅಂಗಡಿಗೆ ಆ ಕಡ್ಡಾಯವಿಲ್ಲದಿದ್ದರೂ, ಮಾಲೀಕನು ತಾನೇ ಕೀಲಿಮಣೆ ಮುಟ್ಟದ ಅಂಗಡಿಗಳಿಗೇ ಅದು ಹೆಚ್ಚು ಬೇಕಾದದ್ದು ಎಂಬುದು ಇಪ್ಪತ್ತು ವರ್ಷ ಬೇರೆಯವರ ಹಣದ ಲೆಕ್ಕ ಬರೆದವನ ಅಭಿಪ್ರಾಯ. ಅಂದಿನ ಕಾಪಿನ ಕ್ರಮ ಬೇರೆ ಇತ್ತು: ದಿನದ ಲೆಕ್ಕದ ಪ್ರತಿಯನ್ನು, ಅಂದರೆ ಬ್ಯಾಕಪ್ಪನ್ನು, ಒಂದು ಪೆನ್ ಡ್ರೈವಿಗೆ ಹಾಕಿ ಲಕ್ಷ್ಮಿಯ ಪಟದ ಹಿಂದೆ ಇಡಲಾಗುತ್ತಿತ್ತು, ಶುಕ್ರವಾರ ಪಟಕ್ಕೆ ಹೂವು ಏರಿಸುವವರು ಅದಕ್ಕೂ ಒಂದು ಎಸಳು ಇಡುತ್ತಿದ್ದರು.

ಸರಕಿನ ಲೆಕ್ಕ ಹೀಗೆ ಹೆಚ್ಚು ಗೋಜಿಲ್ಲದೆ ದಾರಿಗೆ ಬಂತು. ಸಂಬಳದ ಲೆಕ್ಕ ಬರಲಿಲ್ಲ. ಅದರ ಕಾರಣ ತಿಳಿಯಬೇಕಾದರೆ ಆ ಅಂಗಡಿಯ ಹಾಜರಿ ಪುಸ್ತಕವನ್ನು ಹತ್ತಿರದಿಂದ ನೋಡಬೇಕು. ಕೆಂಪು ಬಟ್ಟೆಯ ರಟ್ಟಿನ, ಉದ್ದಕ್ಕೆ ತೆರೆಯುವ ಪುಸ್ತಕ. ಎಡಗಡೆ ಹೆಸರುಗಳ ಸಾಲು, ಅಡ್ಡಕ್ಕೆ ಮೂವತ್ತೊಂದು ಮನೆಗಳು. ಇಡೀ ದಿನ ಬಂದವನ ಮನೆಯಲ್ಲಿ ಒಂದು ಗೆರೆ, ಅದು ಒಂದಾಳು; ಮಧ್ಯಾಹ್ನದ ಮೇಲೆ ಬಂದವನಿಗೆ ಗೆರೆಯ ಕೆಳಗೆ ಚುಕ್ಕಿ, ಅದು ಅರ್ಧ ಆಳು; ಶನಿವಾರ ಬೆಳಗಿನ ನಾಲ್ಕಕ್ಕೆ ಹಂಡೆ ಏರಿಸಿಕೊಂಡು ಮುತ್ತತ್ತಿಗೆ ಹೋಗಿ, ಸಂಜೆ ಕಾಡು ದಾಟುವ ಹೊತ್ತಿಗೆ ಹೊರಟು, ರಾತ್ರಿ ಪಾತ್ರೆ ಎಣಿಸಿ ಒಪ್ಪಿಸಿ ಮನೆಗೆ ಹೋದವನಿಗೆ ಗೆರೆಯ ಸುತ್ತ ಒಂದು ಸೊನ್ನೆ, ಅದು ಒಂದೂವರೆ ಆಳು. ಅಂಚಿನಲ್ಲಿ ಪೆನ್ಸಿಲಿನಿಂದ ‘ಮುಂ. 500, ಮಗಳ ಸೀಮಂತ’, ‘ಮುಂ. 200, ಜ್ವರ’ ಎಂಬಂಥ ಟಿಪ್ಪಣಿಗಳು. ಹಂಡೆ ತೂತಾದರೆ ಅದರ ರಿಪೇರಿಯನ್ನು ಆಳಿನ ಮೇಲೆ ಹಾಕಬಾರದೆಂಬುದು ಅಂಗಡಿಯ ನಿಯಮವಾಗಿತ್ತು, ಆದರೆ ಎಣಿಕೆಯಲ್ಲಿ ಸೌಟು ಕಡಿಮೆಯಾದರೆ ಹೋದ ಗುಂಪಿಗೆಲ್ಲ ಹಂಚಿ ಹಿಡಿಯುತ್ತಿದ್ದರು. ಇಷ್ಟೂ ವಿಧಿಗಳು ಯಾರ ಬಾಯಲ್ಲೂ ನಿಯಮವೆಂದು ಹೇಳಿಸಿಕೊಳ್ಳದೆ, ಆ ಗೆರೆ, ಚುಕ್ಕಿ, ಸೊನ್ನೆಗಳಲ್ಲೇ ಜೀವಿಸಿದ್ದವು.

ಸುತ್ತಲಿನ ಉದ್ಯಮಗಳನ್ನು ನೋಡಿದರೂ ತಿಂಗಳ ಸಂಬಳ ಎಂಬುದು ಈ ಸೀಮೆಯ ಸಹಜ ರೂಢಿಯಲ್ಲವೆಂದು ತಿಳಿಯುತ್ತದೆ. ಮದ್ದೂರಿನ ಕೃಷಿ ಮಾರುಕಟ್ಟೆಯಿಂದ ದೂರದ ನಗರಗಳಿಗೆ ಲಾರಿಗಟ್ಟಲೆ ಹೋಗುವ ಎಳನೀರಿನಲ್ಲಿ ಕೀಳುವವನ ಕೂಲಿ ಕಾಯಿಗೆ ಇಷ್ಟು, ತುಂಬುವವನ ಕೂಲಿ ಲೋಡಿಗೆ ಇಷ್ಟು. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಪಾಕ ಇಳಿಸುವ ತಂಡಕ್ಕೆ ಕೊಪ್ಪರಿಗೆಯ ಲೆಕ್ಕ. ಮಾಡಿದ ಕೆಲಸದ ಎಣಿಕೆಗೆ ಕೂಲಿ ಕೊಡುವ ಈ ಕ್ರಮವನ್ನು ಕಾನೂನಿನ ಪುಸ್ತಕಗಳು ‘ತುಂಡುಗೆಲಸದ ದರ’ ಎನ್ನುತ್ತವೆ. ಮಹಾನಗರದ ಕಚೇರಿಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಸಂಬಳದ ತಂತ್ರಾಂಶ ಮೊದಲು ಕೇಳುವ ಪ್ರಶ್ನೆಯೇ ‘ತಿಂಗಳ ಮೂಲ ವೇತನ ಎಷ್ಟು’ ಎಂಬುದು, ಮತ್ತು ಆ ಮೊದಲ ಪ್ರಶ್ನೆಗೇ ಇಲ್ಲಿ ಉತ್ತರವಿರುವುದಿಲ್ಲ.

2006ರ ಟ್ಯಾಲಿ 9ರಲ್ಲಿ ವೇತನ ಪಟ್ಟಿಯ ವಿಭಾಗವೂ ಸೇರಿತ್ತಾದರೂ ಅಂಗಡಿಯಲ್ಲಿ ಅದನ್ನು ತೆರೆದು ನೋಡಿದವರಿರಲಿಲ್ಲ. 2012ರ ಸುಮಾರಿಗೆ, ಪಾತ್ರೆ ಬಾಡಿಗೆಯ ವ್ಯಾಪಾರ ಹಿಗ್ಗಿ ಆಳುಗಳು ಹದಿನಾಲ್ಕಾದಾಗ, ಲೇಖಕನು ಕೇವಲ ಸಂಬಳಕ್ಕೆಂದೇ ಮಾರುತ್ತಿದ್ದ ಬೇರೊಂದು ತಂತ್ರಾಂಶವನ್ನು, ಅದರ ಹಾಳೆಗಳು ಚೆನ್ನಾಗಿ ಅಚ್ಚಾಗುತ್ತವೆಂಬ ಕಾರಣಕ್ಕೆ, ಯಜಮಾನರನ್ನು ಒಪ್ಪಿಸಿ ಕೊಡಿಸಿದನು. ಆ ತಂತ್ರಾಂಶದ ಹೆಸರು ಇಲ್ಲಿ ಅನಗತ್ಯ, ಏಕೆಂದರೆ ಮುಂದೆ ಆದದ್ದಕ್ಕೆ ಅದು ಹೊಣೆಯಲ್ಲ. ಅದರಲ್ಲಿ ಹಾಜರು, ಗೈರು ಎಂಬ ಎರಡೇ ಬಗೆ ಉಂಟೆಂದು ತಿಳಿದ ಲೇಖಕನು ಒಂದೂವರೆ ಆಳಿನ ಶನಿವಾರವನ್ನು ಒಂದಾಳೆಂದು ಬರೆದು, ಮಿಕ್ಕ ಅರ್ಧವನ್ನು ಕೈಬರಹದ ಪುಸ್ತಕದಲ್ಲಿ ಉಳಿಸಿಕೊಂಡನು. ಹಾಜರಿಯ ಬಗೆಗಳನ್ನು ಬೇಕಾದಷ್ಟು ಹೊಸದಾಗಿ ಕಟ್ಟಿಕೊಳ್ಳುವ ಸೌಲಭ್ಯ ಅದರಲ್ಲೇ ಇತ್ತೆಂಬುದು ಮೂರು ವರ್ಷದ ಮೇಲೆ ಗೊತ್ತಾಯಿತು. ಹಾಗೆ ಒಂದೇ ಸಂಬಳಕ್ಕೆ ಎರಡು ಲೆಕ್ಕ ಶುರುವಾಯಿತು, ಮತ್ತು ಎರಡು ಲೆಕ್ಕವಿದ್ದಲ್ಲಿ ಮುಂಗಡ ಎಲ್ಲಿ ಸೇರಬೇಕೆಂಬ ಪ್ರಶ್ನೆ ಬಂದೇ ಬಂತು.

ಮುಂಗಡ ಎಂಬುದು ಸಂಬಳವಲ್ಲ, ಸಾಲ. ಲೆಕ್ಕದ ಭಾಷೆಯಲ್ಲಿ ಅದು ಖರ್ಚಿನ ಪುಟಕ್ಕೆ ಹೋಗದೆ ಬರಬೇಕಾದ ಹಣದ ಪುಟದಲ್ಲಿ ಕೂತು, ವಾರವಾರ ಹಿಡಿದಂತೆ ಕರಗಬೇಕು. ದಿನಕ್ಕೆ 200 ರೂಪಾಯಿ ಕೂಲಿಯ, ಐದು ದಿನ ಅಂಗಡಿಯಲ್ಲೂ ಶನಿವಾರ ಮುತ್ತತ್ತಿಯಲ್ಲೂ ದುಡಿದ ಆಳಿಗೆ ವಾರಕ್ಕೆ ಆರೂವರೆ ಆಳಿನ ಲೆಕ್ಕದಲ್ಲಿ 1,300 ರೂಪಾಯಿ ಆಗುತ್ತದೆ. 600 ರೂಪಾಯಿ ಮುಂಗಡವನ್ನು ವಾರಕ್ಕೆ 200ರಂತೆ ಹಿಡಿದರೆ ಕೈಗೆ 1,100 ಬರಬೇಕು. ಒಬ್ಬ ವಯಸ್ಸಾದ ಆಳಿಗೆ ಮೂರು ವಾರ 900 ರೂಪಾಯಿಯೇ ಬಂತು. ತಂತ್ರಾಂಶವು ತನ್ನ ಪಾಲಿನ 200ನ್ನು ಹಿಡಿದು ಅಚ್ಚು ಹಾಕಿದ ಹಾಳೆಯ ಮೇಲಿಂದ, ಗಲ್ಲದಲ್ಲಿ ಕೂತವರು ಕೆಂಪು ಪುಸ್ತಕದ ಪೆನ್ಸಿಲ್ ಟಿಪ್ಪಣಿ ನೋಡಿ ಮತ್ತೆ 200 ಹಿಡಿದಿದ್ದರು. ಮೂರನೆಯ ಬಟವಾಡೆಯಂದು ಆತ ಹಣವನ್ನು ಎಣಿಸಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆ ಕೇಳಿದ ಮಾತು ಇಷ್ಟೇ: “ಅಲ್ಲ ಕಣಪ್ಪ, ನನ್ ಇನ್ನೂರ್ ರೂಪಾಯ್ನ ನಿನ್ ಡಬ್ಬನೂ ಹಿಡ್ಕತದೆ, ನಿನ್ ಬುಕ್ಕೂ ಹಿಡ್ಕತದೆ, ನಾನೇನ್ ಎರಡ್ ಸಲ ಈಸ್ಕಂಡಿದ್ನಾ?” ಹೆಚ್ಚಾಗಿ ಹಿಡಿದ 600 ರೂಪಾಯಿಯನ್ನು ಅಂದೇ ಹಿಂದಿರುಗಿಸಲಾಯಿತು. ಆದರೆ ಎರಡು ವಾರ ಆತ ಸುಮ್ಮನಿದ್ದದ್ದೇಕೆಂಬುದು ಲೇಖಕನನ್ನು ಕಾಡಿತು. ಅಚ್ಚಾದ ಹಾಳೆ ತಪ್ಪು ಹೇಳಲಾರದೆಂದು ಆತ ನಂಬಿದ್ದನು, ಕೈಬರಹವಾಗಿದ್ದರೆ ಮೊದಲ ದಿನವೇ ಜಗಳ ತೆಗೆಯುತ್ತಿದ್ದನು.

ಸಂಬಳದ ಲೆಕ್ಕದ ಎರಡನೆಯ ತೊಡಕು ಹೆಸರಿನದು. ಮುತ್ತತ್ತಿರಾಯನ ಒಕ್ಕಲಿನ ಮನೆಗಳಲ್ಲಿ ಮಕ್ಕಳಿಗೆ ಆ ದೇವರ ಹೆಸರಿಡುವುದು ಸಾಮಾನ್ಯ. ವರನಟ ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ ಎಂದಿದ್ದುದೂ ಈ ದೇವರಿಂದಲೇ ಎಂಬುದು ಎಲ್ಲರೂ ಬಲ್ಲ ಸಂಗತಿ. ಅಂಗಡಿಯ ಪುಸ್ತಕದಲ್ಲಿ ಮೂವರು ಮುತ್ತರಾಜುಗಳಿದ್ದರು, ಅವರನ್ನು ‘ದೊಡ್ಡ’, ‘ಗಡ್ಡದ’, ‘ಹೊಸಬ’ ಎಂದು ಬರೆದರೆ ಯಾರಿಗೂ ಗೊಂದಲವಾಗುತ್ತಿರಲಿಲ್ಲ. ಭವಿಷ್ಯ ನಿಧಿಯ ಪಟ್ಟಿಗೆ ಈ ವಿಶೇಷಣಗಳು ಸಲ್ಲವು. ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗೆ ಅನ್ವಯಿಸುತ್ತಿದ್ದ 1952ರ ಕಾಯ್ದೆಯ ಆ ನಿಧಿಗೆ ನೌಕರನ ಸಂಬಳದ ಶೇ. 12ನ್ನು ಹಿಡಿದು, ಮಾಲೀಕನು ಅಷ್ಟನ್ನೇ ಸೇರಿಸಿ, ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಮಾಲೀಕನ ಪಾಲಿನಲ್ಲಿ ಶೇ. 8.33 ಪಿಂಚಣಿಗೆ, ಶೇ. 3.67 ನಿಧಿಗೆ ಹೋಗುತ್ತದೆ. ಕಡ್ಡಾಯವಾಗಿ ಸೇರಬೇಕಾದ ಸಂಬಳದ ಮಿತಿ 2014ರ ಸೆಪ್ಟೆಂಬರಿನಿಂದ 6,500ರಿಂದ 15,000 ರೂಪಾಯಿಗೆ ಏರಿತು. ಮದ್ದೂರು ರಸ್ತೆಯಲ್ಲಿ ಯಜಮಾನರು ಒಂದು ಸಣ್ಣ ಅಕ್ಕಿ ಗಿರಣಿ ಹಿಡಿದ ಮೇಲೆ ಆಳುಗಳ ಸಂಖ್ಯೆ ಇಪ್ಪತ್ತೆರಡಾಯಿತು. ಅಂಗಡಿಯವರು ಬೇರೆ, ಗಿರಣಿಯವರು ಬೇರೆ ಎಂದು ತೋರಿಸಿ ಹತ್ತೊಂಬತ್ತರ ಒಳಗೇ ನಿಲ್ಲಿಸುವ ಜಾಣತನವನ್ನು ಹಲವರು ಬೋಧಿಸಿದರಾದರೂ, ಒಂದೇ ಸಂಸ್ಥೆಯ ಶಾಖೆ, ವಿಭಾಗಗಳನ್ನೆಲ್ಲ ಕೂಡಿಸಿಯೇ ಎಣಿಸಬೇಕೆಂದು ಕಾಯ್ದೆಯ 2ಎ ಕಲಮು ಹೇಳುತ್ತದೆಂದು ಆಡಿಟರು ತೋರಿಸಿಕೊಟ್ಟ ಮೇಲೆ ಆ ಮಾತು ನಿಂತಿತು.

ನಿಧಿಯ ಲೆಕ್ಕವನ್ನು ಯಾವ ತಂತ್ರಾಂಶವಾದರೂ ಕ್ಷಣದಲ್ಲಿ ಮಾಡುತ್ತದೆ. ಮಾಡಲಾರದ್ದು ಹೆಸರನ್ನು ಹೊಂದಿಸುವುದು. ಕನ್ನಡದಲ್ಲಿ ಒಂದೇ ಬಗೆಯಾಗಿ ಬರೆಯುವ ಮುತ್ತರಾಜು ಇಂಗ್ಲಿಷಿಗೆ ಹೋದಾಗ ಒಬ್ಬನಿಗೆ ಎರಡು ‘ಟಿ’ ಬಂತು, ಇನ್ನೊಬ್ಬನಿಗೆ ‘ಟಿ’ಯ ಪಕ್ಕ ‘ಎಚ್’ ಬಂತು, ಮೂರನೆಯವನ ಆಧಾರ್ ಚೀಟಿಯಲ್ಲಿ ಕೊನೆಯ ‘ಯು’ ಮಾಯವಾಗಿ ‘ಎ’ ಕುಳಿತಿತ್ತು. 2021ರ ಸೆಪ್ಟೆಂಬರ್ 1ರಿಂದ ಆಧಾರ್ ಜೋಡಣೆಯಾಗದ ಖಾತೆಗೆ ಮಾಲೀಕನು ಹಣ ಕಟ್ಟಲಾಗದೆಂಬ ನಿಯಮ ಜಾರಿಯಾದಾಗ, ಈ ಒಂದೊಂದು ಅಕ್ಷರಕ್ಕೂ ಮಾಲೀಕ, ನೌಕರ ಇಬ್ಬರೂ ಸೇರಿ ಕೊಡಬೇಕಾದ ಜಂಟಿ ಘೋಷಣೆಯನ್ನು ಬರೆದು, ಜನ್ಮದಿನಾಂಕದ ಪುರಾವೆ ಹುಡುಕಿ, ತಿಂಗಳುಗಟ್ಟಲೆ ಕಾಯಬೇಕಾಯಿತು. ಆದ್ದರಿಂದ ಸಂಬಳದ ತಂತ್ರಾಂಶವನ್ನು ಕೊಳ್ಳುವ ಮೊದಲೇ ಪ್ರತಿಯೊಬ್ಬ ನೌಕರನ ಆಧಾರ್, ಬ್ಯಾಂಕ್ ಪುಸ್ತಕ, ಪಡಿತರ ಚೀಟಿಗಳಲ್ಲಿನ ಹೆಸರನ್ನು ಒಂದರ ಪಕ್ಕ ಒಂದು ಬರೆದು ನೋಡಬೇಕು. ಈ ಕೆಲಸಕ್ಕೆ ಒಂದು ಹಾಳೆ, ಒಂದು ಸಂಜೆ ಸಾಕು, ಅದನ್ನು ಮಾಡದೆ ಬಿಟ್ಟರೆ ಒಂದು ವರ್ಷವೂ ಸಾಲದು.

ಸಂಬಳದ ತಂತ್ರಾಂಶದ ಎರಡನೆಯ ಆಯ್ಕೆಯ ಕಾಲ ಬಂದದ್ದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದ 2017ರ ಜುಲೈ 1ಕ್ಕೆ ಕೊಂಚ ಮೊದಲು. ಆ ತಿಂಗಳುಗಳಲ್ಲಿ ಮಾರುವವರು ಹಳ್ಳಿಹಳ್ಳಿಗೂ ಬಂದರು. ಒಂದೇ ಸಲ ಹಣ ಕೊಟ್ಟು ಅಂಗಡಿಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವ ತಂತ್ರಾಂಶ ಒಂದು ಬಗೆ. ವರ್ಷವರ್ಷವೂ ಚಂದಾ ಕಟ್ಟಿ, ದೂರದ ಕಂಪ್ಯೂಟರಿನಲ್ಲಿರುವ ಲೆಕ್ಕವನ್ನು ಇಂಟರ್‌ನೆಟ್ ಮೂಲಕ ಮುಟ್ಟುವ, ‘ಕ್ಲೌಡ್’ ಎಂದು ಕರೆಯುವ ಏರ್ಪಾಡು ಇನ್ನೊಂದು ಬಗೆ. ಎರಡನೆಯದರಲ್ಲಿ ಕಾನೂನು ಬದಲಾದಾಗ ತಂತ್ರಾಂಶವೂ ತಾನಾಗಿ ಬದಲಾಗುತ್ತದೆ, ಕಂಪ್ಯೂಟರು ಸುಟ್ಟರೂ ಲೆಕ್ಕ ಉಳಿಯುತ್ತದೆ. ಆದರೆ ಚಂದಾ ನಿಂತ ದಿನ ಹಳೆಯ ಲೆಕ್ಕ ಕೈಗೆ ಸಿಗುವುದೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಆ ವೇಳೆಗೆ ಪಾಠ ಕಲಿತಿದ್ದ ಲೇಖಕನು ಮಾರುವವರ ಮಾದರಿ ಲೆಕ್ಕವನ್ನು ನೋಡಲು ಒಪ್ಪದೆ, 2016ರ ಶ್ರಾವಣದ ಹಾಜರಿ ಪುಸ್ತಕವನ್ನೇ ಮೇಜಿನ ಮೇಲೆ ಇಟ್ಟನು. ನಾಲ್ಕು ಶನಿವಾರಗಳಿದ್ದ ಆ ತಿಂಗಳಲ್ಲಿ ಒಂದೂವರೆ ಆಳು, ಅರ್ಧ ಆಳು, ಹನ್ನೊಂದು ಮುಂಗಡ, ನಡುವೆ ಬಿಟ್ಟುಹೋದ ಒಬ್ಬ, ನಡುವೆ ಸೇರಿದ ಇಬ್ಬರು, ಕಳೆದ ಎರಡು ಸೌಟು ಎಲ್ಲವೂ ಇದ್ದವು. ಆ ತಿಂಗಳನ್ನು ತುಂಬಿಸಿದಾಗ, ಅಂದು ನಿಜವಾಗಿ ಕೈಗೆ ಕೊಟ್ಟ ಹಣಕ್ಕೆ ಪೈಸೆಪೈಸೆ ತಾಳೆಯಾಗಬೇಕೆಂಬುದೊಂದೇ ಪರೀಕ್ಷೆ. ಮಾರಲು ಬಂದ ಮೂವರಲ್ಲಿ ಒಬ್ಬರು ಮಧ್ಯಾಹ್ನದ ಊಟಕ್ಕೆಂದು ಹೋದವರು ಮತ್ತೆ ಬರಲಿಲ್ಲ. ಇನ್ನೊಬ್ಬರು ಒಂದೂವರೆ ಆಳನ್ನು ಹೆಚ್ಚುವರಿ ಗಂಟೆಯೆಂದು ಪರಿವರ್ತಿಸಿ ಮೊತ್ತ ಮುಟ್ಟಿಸಿದರು, ಆದರೆ ಅದು ಹಾಳೆಯ ಮೇಲೆ ಆಳುಗಳಿಗೆ ಅರ್ಥವಾಗುವಂತಿರಲಿಲ್ಲ. ಮೂರನೆಯವರು ಹಾಜರಿಗೆ ‘ಮುತ್ತತ್ತಿ’ ಎಂಬ ಹೊಸ ಬಗೆಯನ್ನೇ ಕಟ್ಟಿ, ಅದಕ್ಕೆ ಒಂದೂವರೆಯ ಬೆಲೆ ಕೊಟ್ಟು, ಸಂಬಳದ ಚೀಟಿಯಲ್ಲಿ ಆ ಹೆಸರೇ ಅಚ್ಚಾಗುವಂತೆ ಮಾಡಿದರು.

ಆದರೂ ಒಡನೆಯೇ ಕೊಳ್ಳಲಿಲ್ಲ. ಸರಕಿನ ಲೆಕ್ಕ ಹಳೆಯ ತಂತ್ರಾಂಶದಲ್ಲೇ ಮುಂದುವರಿದು, ಸಂಬಳವನ್ನು ಎರಡು ವರ್ಷ ಎಕ್ಸೆಲ್ ಹಾಳೆಯಲ್ಲಿ ಮಾಡಲಾಯಿತು. ಹತ್ತರ ಒಳಗೆ ಆಳುಗಳಿರುವ ವ್ಯಾಪಾರಕ್ಕೆ ಎಕ್ಸೆಲ್ ಸಾಕು, ಸಂಬಳದ ತಂತ್ರಾಂಶ ಬೇಡ ಎಂಬುದು ಲೇಖಕನ ಇಂದಿನ ಅಭಿಪ್ರಾಯವೂ ಹೌದು. ಆದರೆ ಎಕ್ಸೆಲ್‌ನ ಸೂತ್ರ ತಾನಾಗಿ ಸುದ್ದಿಪತ್ರಿಕೆ ಓದುವುದಿಲ್ಲ: ಕನಿಷ್ಠ ಕೂಲಿಯ ತುಟ್ಟಿಭತ್ಯೆ ರಾಜ್ಯದಲ್ಲಿ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ರಾಜ್ಯ ವಿಮೆ, ಅಂದರೆ ಇಎಸ್‌ಐ, ಅನ್ವಯಿಸುವ ಕಡೆ ನೌಕರನ ಪಾಲು 2019ರ ಜುಲೈ 1ರಂದು ಶೇ. 1.75ರಿಂದ ಶೇ. 0.75ಕ್ಕೂ ಮಾಲೀಕನದು ಶೇ. 4.75ರಿಂದ ಶೇ. 3.25ಕ್ಕೂ ಇಳಿಯಿತು, ವೃತ್ತಿ ತೆರಿಗೆ ಬೀಳುವ ಸಂಬಳದ ಮಟ್ಟ 2023ರ ಏಪ್ರಿಲಿನಲ್ಲಿ 15,000ದಿಂದ 25,000ಕ್ಕೆ ಏರಿತು. ಇವುಗಳಲ್ಲಿ ಒಂದನ್ನು ಮರೆತರೂ ದಂಡ ಮಾಲೀಕನಿಗೆ, ಬೈಗುಳ ಲೆಕ್ಕದವನಿಗೆ. ಹಾಗಾಗಿ ಇಪ್ಪತ್ತರ ಗೆರೆ ದಾಟಿದ್ದ ಆ ವ್ಯಾಪಾರಕ್ಕೆ 2019ರಲ್ಲಿ, ‘ಮುತ್ತತ್ತಿ’ ಎಂಬ ಬಗೆ ಕಟ್ಟಿಕೊಟ್ಟಿದ್ದ ಆ ಮೂರನೆಯವರ ತಂತ್ರಾಂಶವೇ ಬಂತು, ಮತ್ತು ತಿಂಗಳ ಒಟ್ಟು ಮಾತ್ರ ಒಂದು ಸಾಲಾಗಿ ಸರಕಿನ ಲೆಕ್ಕಕ್ಕೆ ಹೋಗುವಂತೆ ಏರ್ಪಡಿಸಲಾಯಿತು. ಎರಡನ್ನೂ ಒಂದರಲ್ಲೇ ಬೆಸೆದಿದ್ದರೆ ಅಂಗಡಿಯ ಹುಡುಗರೆಲ್ಲ ಒಬ್ಬರ ಸಂಬಳವನ್ನೊಬ್ಬರು ಪರದೆಯ ಮೇಲೆ ನೋಡುತ್ತಿದ್ದರು.

ಸರಕಿನ ಕಡೆಯ ಕಷ್ಟವೂ ಇಲ್ಲವಾಗಲಿಲ್ಲ. ಬಿಡಿಯಾಗಿ ತೂಗಿ ಮಾರುವ ಬೆಲ್ಲಕ್ಕೆ ತೆರಿಗೆಯಿಲ್ಲ. ಅದೇ ಬೆಲ್ಲವನ್ನು ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದರೆ 2022ರ ಜುಲೈ 18ರಿಂದ ಶೇ. 5. ಅಕ್ಕಿಗೂ ಇದೇ ನಿಯಮ, ಆದರೆ 25 ಕಿಲೋವರೆಗಿನ ಚೀಲಕ್ಕೆ ಮಾತ್ರ, ಆದ್ದರಿಂದ ಕೆಲವೇ ವಾರಗಳಲ್ಲಿ ರಾಜ್ಯದ ಗಿರಣಿಗಳಿಂದ 26 ಕಿಲೋ ಚೀಲಗಳು ಹೊರಬಿದ್ದವು. ಒಂದೇ ರಾಶಿಯ ಅಕ್ಕಿಗೆ ತಂತ್ರಾಂಶದಲ್ಲಿ ಎರಡು ಹೆಸರು, ಒಂದೇ ಅಚ್ಚು ಬೆಲ್ಲಕ್ಕೆ ಎರಡು ಹೆಸರು ಬರೆದು, ಪೊಟ್ಟಣ ಕಟ್ಟಿದಾಗಲೆಲ್ಲ ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸಬೇಕಾಯಿತು.

ಹೀಗೆ ಬೇರೆಬೇರೆಯಾಗಿ ಬರೆದಿಟ್ಟದ್ದರ ಫಲ ಕಂಡದ್ದು 2025ರ ಜುಲೈನಲ್ಲಿ. ಯುಪಿಐ ಮೂಲಕ ಬಂದ ಹಣವನ್ನು 2021–22ರಿಂದ ಕೂಡಿಸಿ ನೋಡಿದ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ನೋಂದಣಿಯ ಮಿತಿ ಮೀರಿದರೆಂದು (ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ) ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಬೆಂಗಳೂರಿನಲ್ಲಿ ಅನೇಕ ಅಂಗಡಿಗಳು ಕ್ಯೂಆರ್ ಕೋಡ್ ಹಾಳೆಯನ್ನೇ ಕಿತ್ತುಹಾಕಿದವು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಹೇಳಿದ ಮೇಲೆ ಬಿಸಿ ಆರಿತು. ಮೊಬೈಲಿಗೆ ಬಂದದ್ದರಲ್ಲಿ ತೆರಿಗೆಯಿಲ್ಲದ ಹಾಲು, ತರಕಾರಿ, ಬಿಡಿ ಬೆಲ್ಲದ ಹಣವೆಷ್ಟು, ಭಾವಮೈದುನ ತೀರಿಸಿದ ಕೈಸಾಲವೆಷ್ಟು ಎಂದು ಬೇರ್ಪಡಿಸಿ ತೋರಿಸಲು ಬ್ಯಾಂಕಿನ ಪಟ್ಟಿಗೆ ಬರುವುದಿಲ್ಲ, ಕಿರ್ದಿಗೆ ಬರುತ್ತದೆ. ಹಲಗೂರಿನ ಆಸುಪಾಸಿನ ಹತ್ತಾರು ಅಂಗಡಿಯವರು ಆ ತಿಂಗಳಲ್ಲಿ ಲೇಖಕನ ಬಳಿ ಬಂದು ‘ಯಾವ ಸಾಫ್ಟ್‌ವೇರ್ ಹಾಕಿಸಲಿ’ ಎಂದು ಕೇಳಿದರು. ಅವರಿಗೆಲ್ಲ ಕೊಟ್ಟ ಉತ್ತರ ಒಂದೇ: ಮೊದಲು ನಿಮ್ಮ ಆಡಿಟರು ಯಾವುದನ್ನು ತೆರೆದು ಓದಬಲ್ಲರೋ ಕೇಳಿ, ಆಮೇಲೆ ನಿಮ್ಮ ಅತಿ ಗಲಾಟೆಯ ತಿಂಗಳ ಪುಸ್ತಕ ಹಿಡಿದು ಬನ್ನಿ. ಪುಸ್ತಕ ತಂದವರು ನಾಲ್ವರು.

ಆ ಅಂಗಡಿಯಲ್ಲಿ ಇಂದು ಸಂಬಳ ಬ್ಯಾಂಕಿಗೆ ಹೋಗುತ್ತದೆ, ಚೀಟಿ ಮೊಬೈಲಿಗೆ ಬರುತ್ತದೆ. ಮುತ್ತತ್ತಿಯ ಹೊಳೆದಂಡೆಯಲ್ಲಿ ಮಾತ್ರ ಸಿಗ್ನಲ್ ನಿಲ್ಲುವುದಿಲ್ಲವಾದ್ದರಿಂದ ಶನಿವಾರದ ಹಾಜರಿಯನ್ನು ಈಗಲೂ ಕೆಂಪು ರಟ್ಟಿನ ಪುಸ್ತಕದಲ್ಲಿ ಗೆರೆ ಎಳೆದು, ಸುತ್ತ ಸೊನ್ನೆ ಹಾಕಿ, ಸೋಮವಾರ ಬೆಳಿಗ್ಗೆ ಹಲಗೂರಿನಲ್ಲಿ ಕಂಪ್ಯೂಟರಿಗೆ ಎತ್ತಿ ಬರೆಯುತ್ತಾರೆ. ಸಂಬಳದ ತಂತ್ರಾಂಶಕ್ಕೆ ವರ್ಷವರ್ಷವೂ ಚಂದಾ ಕಟ್ಟಬೇಕು; ಆ ಪುಸ್ತಕ ಮಳವಳ್ಳಿಯ ಪೇಟೆಯಲ್ಲಿ 120 ರೂಪಾಯಿಗೆ ಸಿಗುತ್ತದೆ.